ಲಿಸ್ಬನ್‌ನಲ್ಲಿ ಅಳಿಸಿದ ಹೆಸರು ಹುಬ್ಬಳ್ಳಿಗೆ ಬಂದದ್ದು ಹೇಗೆ?

ಪ್ರಶ್ನೆ: ನಾನು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ರಿಟೈರ್ ಆದವನು. ನಮ್ಮ ಸೆಕ್ಷನ್ನಿನಲ್ಲಿ ಗೋವಾ ಕಡೆಯ ಒಬ್ಬರಿದ್ದರು. ಅಡ್ಡಹೆಸರು ತಾವೊರಾ. ಸೊಸೈಟಿಯ ಪಾವತಿಯಲ್ಲಿ ಒಮ್ಮೆ ತಾವರೆ ಅಂತ ಬರೆಯೋರು, ಇನ್ನೊಮ್ಮೆ ತಾವರಗೇರಿ ಅಂತ. ಡಿಸೋಜಾ, ಫರ್ನಾಂಡಿಸ್ ಆದರೆ ನಮ್ಮ ಕೇಶ್ವಾಪುರದಲ್ಲಿ ಬೇಕಾದಷ್ಟು ಜನ ಇದ್ದಾರೆ, ಈ ಹೆಸರು ಮಾತ್ರ ಮತ್ತೆಲ್ಲೂ ಕೇಳಲಿಲ್ಲ. ಪೋರ್ಚುಗೀಸ್ ರಾಜರ ಮನೆತನದವ ಬಂದ ಅಂತ ಗೆಳೆಯರು ಅವರನ್ನು ಚಾಷ್ಟಿ ಮಾಡ್ತಿದ್ದರು. ಅದರಲ್ಲಿ ಏನಾದರೂ ನಿಜ ಇದೆಯಾ?
– ಓದುಗರು, ಗದಗ ರೋಡ್, ಹುಬ್ಬಳ್ಳಿ

ಉತ್ತರ: ರಾಜರ ಮನೆತನ ಅಲ್ಲ. ರಾಜನ ಮೇಲೆ ಗುಂಡು ಹಾರಿಸಿದ ಆರೋಪ ಹೊತ್ತು ನಿರ್ನಾಮವಾದ ಮನೆತನ. ನಿಮ್ಮ ಗೆಳೆಯರಿಗೆ ಇದು ಗೊತ್ತಿದ್ದರೆ ಚಾಷ್ಟಿ ಇನ್ನೂ ಜೋರಾಗಿರುತ್ತಿತ್ತೋ ಏನೋ.

ಹೆಸರು ಹುಟ್ಟಿದ ಜಾಗ ಉತ್ತರ ಪೋರ್ಚುಗಲ್. ಅಲ್ಲಿ ಡೌರೊ ಅಂತ ದೊಡ್ಡ ನದಿ ಇದೆ. ತ್ರಾಂಕೋಸೊ ಊರಿನ ಕಡೆಯಿಂದ ಹರಿದು ಬಂದು, ತಬುವಾಸೊ ಹತ್ತಿರ ಅದಕ್ಕೆ ಸೇರುವ ಸಣ್ಣ ಹೊಳೆಯೇ ತಾವೊರಾ. ಅದರ ಪಕ್ಕದಲ್ಲಿ ಅದೇ ಹೆಸರಿನ ಹಳ್ಳಿಯೂ ಇದೆ. ಆ ಸೀಮೆಯ ನೊರೆ ಬರುವ ವೈನ್ ಈಗಲೂ ತಾವೊರಾ-ವರೋಸಾ ಎಂಬ ಹೆಸರಲ್ಲೇ ಮಾರಾಟ ಆಗುತ್ತದೆ. ನಮ್ಮಲ್ಲಿ ಹಾನಗಲ್, ನರಗುಂದ, ಬೆಟಗೇರಿ ಅಂತ ಊರೇ ಅಡ್ಡಹೆಸರಾದ ಹಾಗೆ, ಆ ಊರಿನ ಒಡೆಯರಿಗೆ ಊರ ಹೆಸರೇ ಅಂಟಿಕೊಂಡಿತು. ಇದು ವಿರಳ ಯಾಕೆ ಅನ್ನೋದಕ್ಕೂ ಅರ್ಧ ಕಾರಣ ಇಲ್ಲೇ ಸಿಗುತ್ತದೆ. ಫರ್ನಾಂಡಿಸ್ ಅಂದರೆ ಫರ್ನಾಂಡೋನ ಮಗ, ಅಂಥ ಫರ್ನಾಂಡೋಗಳು ದೇಶದ ತುಂಬ ಇದ್ದರು, ಹಾಗಾಗಿ ಆ ಹೆಸರು ನೂರು ಕಡೆ ತನ್ನಷ್ಟಕ್ಕೇ ಹುಟ್ಟಿಕೊಂಡಿತು. ತಾವೊರಾ ಹುಟ್ಟಿದ್ದು ಬೆರಳೆಣಿಕೆಯ ಜಾಗದಲ್ಲಿ, ಅದನ್ನು ಹೊತ್ತು ತಿರುಗಿದ್ದೂ ದೊಡ್ಡವರ ಮನೆತನ.

ಉಳಿದರ್ಧ ಕಾರಣ 1759ರದ್ದು. ಅದಕ್ಕೆ ಬರುವ ಮೊದಲು ನಮ್ಮ ಕಡೆಯ ಕತೆ ಹೇಳಿಬಿಡ್ತೀನಿ.

ಈ ಮನೆತನದವರು ಗೋವಾದಲ್ಲಿ ವೈಸರಾಯ್ ಆಗಿದ್ದರು, ಅವರಲ್ಲಿ ಇಬ್ಬರ ಕತೆ ಇಲ್ಲಿ ಬೇಕು. ಮೊದಲನೆಯವ ಫ್ರಾನ್ಸಿಸ್ಕೊ ದ ತಾವೊರಾ, 1681ರಿಂದ 1686ರವರೆಗೆ. 1683ರಲ್ಲಿ ಸಂಭಾಜಿಗೆ ಎದುರಾದವ ಇವನೇ. ಫೋಂಡಾ ಕೋಟೆಗೆ ಮುತ್ತಿಗೆ ಹಾಕಲು ಹೋಗಿ ಪೆಟ್ಟು ತಿಂದು ವಾಪಸ್ ಬಂದ. ಮರಾಠರು ಹೊಳೆ ದಾಟಿ ಗೋವಾ ಪಟ್ಟಣದ ಬಾಗಿಲಿಗೇ ಬಂದಾಗ, ಸಂತ ಫ್ರಾನ್ಸಿಸ್ ಝೇವಿಯರ್ ಅವರ ಶವಪೆಟ್ಟಿಗೆ ತೆಗೆಸಿ, ತನ್ನ ಅಧಿಕಾರದ ದಂಡವನ್ನು ಅದರಲ್ಲಿಟ್ಟು, ಇನ್ನು ನೀನೇ ಕಾಪಾಡಪ್ಪಾ ಅಂದನಂತೆ. ಓಲ್ಡ್ ಗೋವಾಕ್ಕೆ ಹೋದರೆ ಗೈಡುಗಳು ಈ ಕತೆ ಹೇಳದೆ ಬಿಡೋದಿಲ್ಲ. ಸಂಭಾಜಿ ಹಿಂದೆ ಸರಿದದ್ದು ಔರಂಗಜೇಬನ ಮಗ ಸೈನ್ಯ ತಗೊಂಡು ಬೆನ್ನ ಹಿಂದೆ ಬಂದದ್ದರಿಂದ. ಆದರೆ ಹೆಸರು ಸಂತರಿಗೆ ಹೋಯಿತು, ಹೋಗಲಿ ಬಿಡಿ.

ಎರಡನೆಯವ ಆ ವೈಸರಾಯನ ಮೊಮ್ಮಗ, ಫ್ರಾನ್ಸಿಸ್ಕೊ ದ ಅಸ್ಸಿಸ್. ಬಿರುದು ತಾವೊರಾದ ಮಾರ್ಕ್ವಿಸ್, ಅಂದರೆ ದೊಡ್ಡ ಜಹಗೀರುದಾರನ ಪದವಿ. ಆ ಪದವಿ ನಿಜವಾಗಿ ಹೆಂಡತಿ ಲಿಯೊನೋರ್ ಕಡೆಯಿಂದ ಬಂದದ್ದು, ಅವಳೂ ಅದೇ ಮನೆತನದವಳು. 1750ರಲ್ಲಿ ಗಂಡ ಹೆಂಡತಿ ಇಬ್ಬರೂ ಹಡಗು ಹತ್ತಿ ಗೋವಾಕ್ಕೆ ಬಂದರು. 1752ರಲ್ಲಿ ಈ ಮಾರ್ಕ್ವಿಸ್ ಸೋಂದೆ ಅರಸರ ಮೇಲೆ ಯುದ್ಧ ಸಾರಿ, ಕಾರವಾರದ ಪಕ್ಕದ ಸದಾಶಿವಗಡವನ್ನು ಹಿಡಿದ. ಆಮೇಲೆ ಪೋರ್ಚುಗೀಸರು ಅದನ್ನು ಸೋಂದೆಗೆ ವಾಪಸ್ ಕೊಟ್ಟರು. ಕಾಳಿ ನದಿಯ ಸೇತುವೆ ಮೇಲೆ ಬಸ್ಸಿನಲ್ಲಿ ಗೋವಾಕ್ಕೆ ಹೋಗುವಾಗ ಕಾಣುವ ಗುಡ್ಡ ಇದೆಯಲ್ಲ, ಅದೇ. ನಿಮ್ಮ ಜೊತೆಗಾರರ ಅಡ್ಡಹೆಸರು ಕನ್ನಡ ನೆಲದ ಚರಿತ್ರೆಯಲ್ಲಿ ಒಮ್ಮೆ ಹೀಗೆ ಬಂದು ಹೋಗಿದೆ.

1754ರಲ್ಲಿ ಅವನ ಅವಧಿ ಮುಗಿಯಿತು. ಮರುವರ್ಷವೇ ಲಿಸ್ಬನ್ ಭೂಕಂಪದಲ್ಲಿ ಕುಸಿಯಿತು. ರಾಜ ಒಂದನೆಯ ಜೋಸೆ ಗೋಡೆ ಕಂಡರೆ ಹೆದರುವಷ್ಟು ಹೆದರಿ, ಊರಾಚೆಯ ಬೆಲೆಂ ಹತ್ತಿರ ಡೇರೆ, ಮರದ ಮನೆಗಳಲ್ಲೇ ಇರತೊಡಗಿದ. ಆಡಳಿತವೆಲ್ಲ ಮಂತ್ರಿಯ ಕೈಗೆ. ಮುಂದೆ ಪೊಂಬಾಲ್‌ನ ಮಾರ್ಕ್ವಿಸ್ ಅಂತ ಹೆಸರಾದವನು ಅವನು. ಅಸಲಿ ಹೆಸರು ಸೆಬಾಸ್ಟಿಯಾವ್ ಜೋಸೆ ದ ಕರ್ವಾಲೊ. ಹೌದು, ಮಂಗಳೂರಿನಲ್ಲಿ ಬೇಕಾದಷ್ಟು ಸಿಗುವ ಅದೇ ಕರ್ವಾಲೊ. ಹಳೇ ದೊಡ್ಡ ಮನೆತನಗಳಿಗೆ ಇವನನ್ನು ಕಂಡರೆ ತಾತ್ಸಾರ, ಇವನಿಗೆ ಅವರನ್ನು ಕಂಡರೆ ಮೈ ಉರಿ.

1758ರ ಸೆಪ್ಟೆಂಬರ್ 3ರ ರಾತ್ರಿ ರಾಜನ ಗಾಡಿಯ ಮೇಲೆ ಗುಂಡು ಬಿತ್ತು. ತೋಳಿಗೆ ಗಾಯ, ಜೀವ ಉಳಿಯಿತು. ರಾಜ ಬರುತ್ತಿದ್ದದ್ದು ಎಲ್ಲಿಂದ? ತಾವೊರಾ ಮನೆಯ ಸೊಸೆ ತೆರೆಸಾಳನ್ನು ಕಂಡು. ಈ ತೆರೆಸಾ ತಾವೊರಾ ಮಾರ್ಕ್ವಿಸನ ಸ್ವಂತ ತಂಗಿ, ಮದುವೆಯಾಗಿದ್ದು ಅವನ ಮಗನನ್ನು, ಅಂದರೆ ಸೋದರಳಿಯನನ್ನೇ. ನಮ್ಮ ಕಡೆ ಸೋದರಮಾವನಿಗೆ ಹೆಣ್ಣು ಕೊಡ್ತಾರೆ, ಇವರು ಅದನ್ನೂ ತಿರುವು ಮುರುವು ಮಾಡಿದ್ದರು. ಅದು ಬಿಡಿ. ಕರ್ವಾಲೊಗೆ ಬೇಕಾಗಿದ್ದು ಇಂಥದ್ದೇ ಒಂದು ಸಂದರ್ಭ. ಅವೈರೊದ ಡ್ಯೂಕ್ ಮತ್ತು ತಾವೊರಾ ಕುಟುಂಬವನ್ನು ಹಿಡಿಸಿದ. ಚಿತ್ರಹಿಂಸೆ ಕೊಟ್ಟು ಹೇಳಿಕೆ ತೆಗೆಸಿದರು. 1759ರ ಜನವರಿ 13ರಂದು ಬೆಲೆಂನಲ್ಲಿ ಜನರೆದುರೇ ಮಾರ್ಕ್ವಿಸ್, ಲಿಯೊನೋರ್, ಅವರ ಇಬ್ಬರು ಗಂಡು ಮಕ್ಕಳು, ಒಬ್ಬ ಅಳಿಯ, ಡ್ಯೂಕ್, ಕೆಲವು ಆಳುಗಳು, ಎಲ್ಲರನ್ನೂ ಕೊಂದರು. ಲಿಯೊನೋರ್ ತಲೆ ಕಡಿದರು. ಗಂಡಸರ ಎಲುಬು ಮುರಿದು ಸಾಯಿಸಿದರು. ಹೆಣ ಸುಟ್ಟು ಬೂದಿಯನ್ನು ತೇಜೊ ನದಿಗೆ ಚೆಲ್ಲಿದರು. ತಾವೊರಾಗಳಿಗೆ ಈ ಪಿತೂರಿ ನಿಜವಾಗಿ ಗೊತ್ತಿತ್ತೇ ಅಂತ ಇತಿಹಾಸಕಾರರು ಇವತ್ತಿಗೂ ಜಗಳ ಆಡ್ತಾರೆ. ನನ್ನ ಕೇಳಿದರೆ, ಅಂಥ ವಿಚಾರಣೆಯಲ್ಲಿ ಯಾರನ್ನು ಬೇಕಾದರೂ ತಪ್ಪಿತಸ್ಥ ಮಾಡಬಹುದಿತ್ತು.

ಕೊಂದ ಮೇಲೂ ಸಮಾಧಾನ ಆಗಲಿಲ್ಲ. ತಾವೊರಾ ಅನ್ನುವ ಹೆಸರನ್ನೇ ಯಾರೂ ಇಟ್ಟುಕೊಳ್ಳಬಾರದು ಅಂತ ಆಜ್ಞೆ ಆಯಿತು. ಅವರ ಲಾಂಛನ ಕಂಡಲ್ಲೆಲ್ಲ ಕೆತ್ತಿ ಹಾಕಿದರು. ಸಿಂತ್ರಾ ಅರಮನೆಯಲ್ಲಿ ಒಂದು ಸಭಾಂಗಣ ಇದೆ, ಅದರ ಚಾವಣಿಯ ಮೇಲೆ 72 ಮನೆತನಗಳ ಲಾಂಛನ ಬರೆಸಿದ್ದರು, ಒಂದೊಂದಕ್ಕೂ ಒಂದೊಂದು ಜಿಂಕೆ. ಅಲ್ಲಿಂದಲೂ ತಾವೊರಾ ಲಾಂಛನವನ್ನು ಅಳಿಸಿದರು. ಬೆಲೆಂನಲ್ಲಿ ಡ್ಯೂಕನ ಅರಮನೆ ಕೆಡವಿ, ಆ ನೆಲಕ್ಕೆ ಉಪ್ಪು ಸುರಿದು, ಇಲ್ಲಿ ಎಂದೆಂದಿಗೂ ಯಾರೂ ಏನೂ ಕಟ್ಟಬಾರದು ಅಂತ ಒಂದು ಕಲ್ಲಿನ ಕಂಬ ನಿಲ್ಲಿಸಿದರು. ಕಂಬಕ್ಕೆ ಐದು ಬಳೆ. ಅದು ಈಗಲೂ ಇದೆ, ಹೆಸರಾಂತ ಬೇಕರಿಯೊಂದರ ಹತ್ತಿರದ ಇಕ್ಕಟ್ಟು ಸಂದಿಯಲ್ಲಿ. ಸಂದಿಯ ಹೆಸರೇ ಉಪ್ಪು ನೆಲದ ಸಂದಿ. ಸುತ್ತ ಮನೆಗಳು ಎದ್ದು ನಿಂತಿವೆ. ಸರ್ಕಾರಿ ಬೋರ್ಡಿನ ಮರ್ಯಾದೆ ಎಲ್ಲ ಕಡೆ ಇಷ್ಟೇ, ಅಲ್ವಾ?

ಲಿಯೊನೋರಳ ಮೊಮ್ಮಗಳು ಒಬ್ಬಳಿದ್ದಳು, ಆಗ ಎಂಟು ವರ್ಷದವಳು, ಅವಳನ್ನು ತಾಯಿಯ ಜೊತೆ ಕಾನ್ವೆಂಟಿನಲ್ಲಿ ಕೂಡಿ ಹಾಕಿದರು. ಹೊರಗೆ ಬಂದದ್ದು 1777ರಲ್ಲಿ, ರಾಜ ಸತ್ತು ಮಗಳು ಮರಿಯಾ ಪಟ್ಟಕ್ಕೆ ಬಂದು ಮಂತ್ರಿಯನ್ನು ಮನೆಗೆ ಕಳಿಸಿದ ಮೇಲೆ. ಒಳಗೆ ಕೂತು ಓದಿ ಬರೆದು, ಅಲೋರ್ನಾದ ಮಾರ್ಕ್ವಿಸೆ ಅಂತ ದೊಡ್ಡ ಕವಿಯಾದಳು. 1781ರ ಮರುವಿಚಾರಣೆಯಲ್ಲಿ ತಾವೊರಾಗಳು ತಪ್ಪಿತಸ್ಥರಲ್ಲ ಅಂತ ತೀರ್ಪು ಬಂತು. ಆದರೆ ಅಷ್ಟರಲ್ಲಿ ಹೆಸರಿನ ಬುಡ ಅಲ್ಲಾಡಿತ್ತು. ಪೋರ್ಚುಗೀಸರಲ್ಲಿ ತಾಯಿಯ ಕಡೆಯದು, ತಂದೆಯ ಕಡೆಯದು ಅಂತ ನಾಲ್ಕಾರು ಅಡ್ಡಹೆಸರು ಇಟ್ಟುಕೊಳ್ಳೋ ರೂಢಿ. ಅವುಗಳಲ್ಲಿ ಅಪಾಯದ ಒಂದನ್ನು ಸುಮ್ನೆ ಕೈಬಿಡೋದು ಬಹಳ ಸುಲಭ.

ಅಂದರೂ ಪೂರ್ತಿ ಹೋಗಲಿಲ್ಲ. ಪೋರ್ಟೊದ ಹೆಸರಾಂತ ವಾಸ್ತುಶಿಲ್ಪಿ ಫರ್ನಾಂಡೊ ತಾವೊರಾ (1923–2005) ನಮ್ಮ ಕಾಲದವರೇ. ಕಡಲಾಚೆ ನೋಡಿದರೆ ಬ್ರೆಜಿಲ್‌ನ ಈಶಾನ್ಯಕ್ಕಿರುವ ಸಿಯಾರಾ ರಾಜ್ಯದಲ್ಲಿ ಈ ಹೆಸರು ಗಟ್ಟಿಯಾಗಿ ಬೇರೂರಿದೆ. ಕಾದಂಬರಿಕಾರ ಫ್ರಾಂಕ್ಲಿನ್ ತಾವೊರಾ (1842–1888) ಅಲ್ಲಿಯವರು. 1930ರ ಬಂಡಾಯದ ಮುಂದಾಳು, 1955ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತು ಸೋತ ಜನರಲ್ ಜುವಾರೆಜ್ ತಾವೊರಾ ಕೂಡ ಅಲ್ಲಿಯವರೇ. ರಾಜಧಾನಿಯಲ್ಲಿ ಕಂಬ ನಿಲ್ಲಿಸಿ ಅಳಿಸಿದ ಹೆಸರು ದೂರದ ಬರಗಾಲದ ಸೀಮೆಯಲ್ಲಿ ಮತಪತ್ರಕ್ಕೆ ಏರಿತು ನೋಡಿ.

ಈಗ ನಿಮ್ಮ ಜೊತೆಗಾರರ ವಿಷಯ. ಗೋವಾದಿಂದ ಹುಬ್ಬಳ್ಳಿಗೆ ದಾರಿ ಮಾಡಿಕೊಟ್ಟದ್ದು ರೈಲು. 1880ರ ದಶಕದಲ್ಲಿ ಮಾರ್ಮಗೋವಾ ಬಂದರಿನಿಂದ ಕ್ಯಾಸಲ್‌ರಾಕ್ ಘಟ್ಟ ಹತ್ತಿ ಬಂದ ಹಳಿ ಲೋಂಡಾದಲ್ಲಿ ಸದರ್ನ್ ಮರಾಠಾ ರೈಲ್ವೆಗೆ ಕೂಡಿತು. ಹುಬ್ಬಳ್ಳಿ ವರ್ಕ್‌ಶಾಪ್ ಕೂಡ ಅದೇ ಕಾಲದ್ದು. ಇಂಗ್ಲಿಷ್ ಬಲ್ಲ, ಕೈಕೆಲಸ ಬಲ್ಲ ಗೋವಾದವರಿಗೆ ಇಲ್ಲಿ ಕೆಲಸ ಸಿಕ್ಕಿತು. ಆದರೆ ಅಡ್ಡಹೆಸರು ತಾವೊರಾ ಇದ್ದ ಮಾತ್ರಕ್ಕೆ ಮಾರ್ಕ್ವಿಸನ ರಕ್ತ ಅಂತ ತಿಳಿಯಬೇಡಿ. ಯಾಕೆ ಅನ್ನೋದು ಕೆಳಗಿನ ಪ್ರಶ್ನೆಯ ಉತ್ತರದಲ್ಲಿದೆ.

ಪ್ರಶ್ನೆ: ನನ್ನ ರೂಮ್‌ಮೇಟ್ ಮಂಗಳೂರಿನವಳು, ಅಡ್ಡಹೆಸರು ರೊಡ್ರಿಗಸ್. ಅವಳ ಅಜ್ಜಿ ಮಾತ್ರ ನಾವು ಮೂಲದಲ್ಲಿ ಪ್ರಭುಗಳು ಅಂತಾರೆ. ಎರಡೂ ನಿಜ ಆಗೋಕೆ ಸಾಧ್ಯವಾ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಖಂಡಿತ ಸಾಧ್ಯ. ಗೋವಾದಲ್ಲಿ 16ನೇ ಶತಮಾನದಲ್ಲಿ ಊರಿಗೆ ಊರೇ ಮತಾಂತರ ಆದಾಗ, ಜ್ಞಾನಸ್ನಾನ ಮಾಡಿಸಿದ ಪಾದ್ರಿಯದೋ ಅಥವಾ ಪಕ್ಕದಲ್ಲಿ ನಿಂತ ಧರ್ಮಪಿತನದೋ ಅಡ್ಡಹೆಸರನ್ನು ಹೊಸಬರಿಗೆ ಕೊಡ್ತಿದ್ದರು. ಧರ್ಮಪಿತ ಒಬ್ಬ ಸಿಪಾಯಿ ಇರಬಹುದು, ಒಬ್ಬ ಕ್ಯಾಪ್ಟನ್ ಇರಬಹುದು, ಮಹಾ ದೊಡ್ಡ ಮನುಷ್ಯನೂ ಇರಬಹುದು. ಅಣ್ಣತಮ್ಮಂದಿರು ಬೇರೆ ಬೇರೆ ದಿನ ಜ್ಞಾನಸ್ನಾನ ತಗೊಂಡರೆ ಒಂದೇ ಮನೆಯಲ್ಲಿ ಎರಡು ಅಡ್ಡಹೆಸರು. ಹಾಗಾಗಿ ಈ ಹೆಸರುಗಳು ರಕ್ತದ ಗುರುತಲ್ಲ, ಆ ದಿನ ಪಕ್ಕದಲ್ಲಿ ಯಾರು ನಿಂತಿದ್ದರು ಅನ್ನೋದರ ಗುರುತು. ಮೇಲಿನ ಹುಬ್ಬಳ್ಳಿಯವರಿಗೂ ಇದೇ ಉತ್ತರ.

ಇನ್‌ಕ್ವಿಸಿಷನ್ ಅನ್ನೋ ಧರ್ಮವಿಚಾರಣೆ ಕೋರ್ಟಿನ ಕಾಟಕ್ಕೆ, ಯುದ್ಧಗಳ ಕಾಟಕ್ಕೆ ಗೋವಾ ಬಿಟ್ಟು ಕೆನರಾಕ್ಕೆ ಇಳಿದ ಮನೆಗಳು ಈ ಹೊಸ ಹೆಸರನ್ನೂ ತಂದವು, ಮನೆಯೊಳಗೆ ಪ್ರಭು, ಕಾಮತ್, ಶೆಣೈ, ನಾಯಕ ಅನ್ನೋ ಹಳೇ ಹೆಸರನ್ನೂ ಮರೆಯಲಿಲ್ಲ. ಮದುವೆ ಮಾತುಕತೆಯಲ್ಲಿ ಮುದುಕರು ಈಗಲೂ ಅದನ್ನು ಎತ್ತುತ್ತಾರೆ. ನಿಮ್ಮ ಗೆಳತಿಯ ಅಜ್ಜಿ ಹೇಳೋದು ಅದನ್ನೇ.

ಹುಡುಕಬೇಕು ಅಂದರೆ ಅಡ್ಡಹೆಸರಿನಿಂದ ಶುರು ಮಾಡಬೇಡಿ, ರೊಡ್ರಿಗಸ್‌ಗಳ ಸಮುದ್ರದಲ್ಲಿ ಮುಳುಗಿ ಹೋಗ್ತೀರಿ. ಊರಿನಿಂದ ಶುರು ಮಾಡಿ. ಅಜ್ಜ ಅಜ್ಜಿಯ ಜ್ಞಾನಸ್ನಾನ ಯಾವ ಚರ್ಚಿನಲ್ಲಿ, ಸುಮಾರು ಯಾವ ವರ್ಷ ಅಂತ ಕೇಳಿ ಬರೆದುಕೊಳ್ಳಿ. ಆ ಚರ್ಚಿನ ರಿಜಿಸ್ಟರಿನಲ್ಲಿ ತಂದೆ ತಾಯಿ, ಧರ್ಮಪಿತ, ಧರ್ಮಮಾತೆಯ ಹೆಸರು ಇರುತ್ತದೆ. ಅಲ್ಲಿಂದ ಒಂದು ತಲೆಮಾರು ಹಿಂದೆ, ಆಮೇಲೆ ಇನ್ನೊಂದು. ಗೋವಾದವರೆಗೆ ತಲುಪಿದರೆ ಪಣಜಿಯಲ್ಲಿ ಸರ್ಕಾರಿ ಪತ್ರಾಗಾರ ಇದೆ, 1595ರಲ್ಲಿ ಶುರುವಾದದ್ದು. ಬಹಳ ಕಾಗದ ಪೋರ್ಚುಗೀಸ್ ಭಾಷೆಯಲ್ಲಿ, ಹಳೇ ಕೈಬರಹದಲ್ಲಿ ಇದೆ. ಓದಬಲ್ಲ ಒಬ್ಬರನ್ನು ಮೊದಲೇ ಗೊತ್ತುಮಾಡಿಕೊಂಡು ಹೋಗಿ.

ಪ್ರಶ್ನೆ: ನಮ್ಮ ಬೆಟಗೇರಿಯಲ್ಲೂ ಹಳೇ ಕ್ರೈಸ್ತ ಮನೆಗಳಿವೆ. ಅಲ್ಲಿ ಯಾಕೆ ಡಿಸೋಜಾ, ಪಿಂಟೊ ಇಲ್ಲ?
– ಓದುಗರು, ಬೆಟಗೇರಿ

ಉತ್ತರ: ನಿಮ್ಮಲ್ಲಿಗೆ ಬಂದವರು ಪೋರ್ಚುಗೀಸರಲ್ಲ, ಬಾಸೆಲ್ ಮಿಷನ್‌ನವರು. ಧಾರವಾಡಕ್ಕೆ 1837, ಹುಬ್ಬಳ್ಳಿಗೆ 1839, ಬೆಟಗೇರಿಗೆ 1841. ಇವರು ಪ್ರಾಟೆಸ್ಟಂಟರು, ಜಾಸ್ತಿ ಜರ್ಮನ್ ಮತ್ತು ಸ್ವಿಸ್ ಮಂದಿ. ಅಡ್ಡಹೆಸರು ಹಂಚೋ ಗೋವಾ ಪದ್ಧತಿ ಇವರಲ್ಲಿ ಇರಲಿಲ್ಲ. ಬೈಬಲ್ ಹೆಸರು ಬಂದರೂ ಅದಕ್ಕೆ ನಮ್ಮವರು ಅಪ್ಪ, ಅವ್ವ ಸೇರಿಸಿಕೊಂಡರು, ಅಡ್ಡಹೆಸರು ಊರಿನದೋ ಕಸುಬಿನದೋ ಹಾಗೇ ಉಳಿಯಿತು. ಸರ್ವಜ್ಞನ ವಚನಗಳನ್ನು ಊರೂರು ತಿರುಗಿ ಕೂಡಿಹಾಕಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರು (1881–1962) ಇದೇ ಮಿಷನ್ನಿನ ಪಾದ್ರಿ. ಉತ್ತಂಗಿ ಅನ್ನೋದು ಹಡಗಲಿ ಕಡೆಯ ಊರು. ಅವರ ತಂದೆಯ ಹೆಸರು ದಾನಿಯೇಲಪ್ಪ.