ಡ್ರಿಪ್ ನಡೆಯುತ್ತಿರುವಾಗಲೇ ಉಪಶಮನ ಆರೈಕೆ ಯಾಕೆ?

ಓದುಗರ ಪತ್ರ (ಸಂಕ್ಷಿಪ್ತ): ಕಳೆದ ಸಂಚಿಕೆಯಲ್ಲಿ ಪ್ಯಾಲಿಯೇಟಿವ್ ಕೇರ್ (ಉಪಶಮನ ಆರೈಕೆ, ಅಂದರೆ ಗಂಭೀರ ಕಾಯಿಲೆಯ ನೋವು, ಸಂಕಟ ತಗ್ಗಿಸುವ ಆರೈಕೆ) ಬಗ್ಗೆ ಬರೆದದ್ದು ಕ್ಯಾನ್ಸರ್ ರೋಗಿಗಳಿಗೆ ಸರಿ ಇರಬಹುದು. ವೈರಲ್ ನ್ಯುಮೋನಿಯಾಕ್ಕೆ ಅದೇಕೆ? ನನ್ನ ತಂದೆ ಐಸಿಯುನಲ್ಲಿದ್ದಾಗ, ಆಂಟಿವೈರಲ್ ಡ್ರಿಪ್ ನಡೆಯುತ್ತಿರುವಾಗಲೇ ಆ ವಿಭಾಗದ ವೈದ್ಯರು ಬಂದರು, ಮಾರ್ಫಿನ್ ಶುರು ಮಾಡಿದರು. ಕೆಲವೇ ದಿನಗಳಲ್ಲಿ ಅಪ್ಪ ಹೋದರು. ಕೈಬಿಡುವುದಕ್ಕೆ ಇಟ್ಟ ನಯವಾದ ಹೆಸರು ಇದು ಎನಿಸುತ್ತದೆ. (ಹೆಸರು ಬೇಡ ಎಂದಿದ್ದಾರೆ.)

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ವೈರಸ್ ಕಾಯಿಲೆಗೆ ಉಪಶಮನ ಆರೈಕೆ ಯಾಕೆ ಎಂಬುದನ್ನು ನೇರವಾಗಿ ಕೇಳಿದ್ದೀರಿ. ಮಾರ್ಫಿನ್ನೇ ಅಪ್ಪನ ಉಸಿರು ನಿಲ್ಲಿಸಿತೇ ಎಂಬುದನ್ನು ಕೇಳಿಲ್ಲ, ಆದರೆ ಪತ್ರವೆಲ್ಲ ಅದರ ಸುತ್ತಲೇ ಇದೆ.

ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಯೋಚಿಸಲು, ಮಾತಾಡಲು ಒಂದಿಷ್ಟು ಕಾಲ ಸಿಗುತ್ತದೆ. ತೀವ್ರ ವೈರಲ್ ನ್ಯುಮೋನಿಯಾ ಅಷ್ಟು ಪುರುಸೊತ್ತು ಕೊಡುವುದಿಲ್ಲ. ಇಂದು ಮಾತಾಡುತ್ತಿದ್ದವರಿಗೆ ನಾಳೆ ವೆಂಟಿಲೇಟರ್ ಬೇಕಾಗಬಹುದು. ವೆಂಟಿಲೇಟರಿನಲ್ಲಿದ್ದವರು ಚೇತರಿಸಿಕೊಂಡು ಮನೆಗೂ ಹೋಗಬಹುದು. ಯಾವ ಕಡೆಗೆ ವಾಲುತ್ತದೆಂದು ಆ ಹೊತ್ತಿನಲ್ಲಿ ಎಂಥ ಅನುಭವಿ ವೈದ್ಯರೂ ಖಚಿತವಾಗಿ ಹೇಳಲಾರರು. ‘ಇನ್ನೇನೂ ಮಾಡಲಾಗದು’ ಎಂದು ತೀರ್ಮಾನವಾಗುವವರೆಗೆ ಕಾದರೆ, ಅಷ್ಟರಲ್ಲಿ ರೋಗಿ ಏದುಸಿರಿನಲ್ಲಿ ನರಳಿ ಸುಸ್ತಾಗಿರುತ್ತಾರೆ, ತನಗೇನು ಬೇಕೆಂದು ಹೇಳುವ ಸ್ಥಿತಿಯೂ ದಾಟಿರುತ್ತದೆ. ಡ್ರಿಪ್ ನಡೆಯುತ್ತಿರುವಾಗಲೇ ಆ ವೈದ್ಯರು ಬಂದದ್ದು, ನನ್ನ ಮಟ್ಟಿಗೆ, ಸರಿಯಾದ ಹೊತ್ತಿಗೇ ಬಂದದ್ದು. ವಿಶ್ವ ಆರೋಗ್ಯ ಸಂಸ್ಥೆಯ 2002ರ ವಿವರಣೆ ಹೇಳುವುದೂ ಇದನ್ನೇ: ಆಯುಸ್ಸು ಉಳಿಸುವ ಚಿಕಿತ್ಸೆಯ ಜೊತೆಯಲ್ಲೇ, ಕಾಯಿಲೆಯ ಆರಂಭದ ಹಂತದಲ್ಲೇ ಈ ಆರೈಕೆ ಸಲ್ಲುತ್ತದೆ, ಸಾವನ್ನು ಬೇಗ ತರುವ ಉದ್ದೇಶವೂ ಅದಕ್ಕಿಲ್ಲ, ಮುಂದೂಡುವ ಉದ್ದೇಶವೂ ಇಲ್ಲ.

‘ಕೈಬಿಡುವುದು’ ಎಂದಿರಿ. 2010ರಲ್ಲಿ ಬಾಸ್ಟನ್ನಿನಿಂದ ಬಂದ ಅಧ್ಯಯನವೊಂದರಲ್ಲಿ, ಉಲ್ಬಣಿಸಿದ ಶ್ವಾಸಕೋಶದ ಕ್ಯಾನ್ಸರ್ ಇದ್ದವರ ಪೈಕಿ ಮೊದಲಿನಿಂದಲೇ ಉಪಶಮನ ಆರೈಕೆ ಪಡೆದವರು ಮಧ್ಯಾಂಕದ (ಅರ್ಧ ಜನ ಇದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ ಎನ್ನುವ) ಲೆಕ್ಕದಲ್ಲಿ 11.6 ತಿಂಗಳು ಬದುಕಿದರು, ಉಳಿದವರು 8.9 ತಿಂಗಳು. ಕ್ಯಾನ್ಸರಿನ ಈ ಲೆಕ್ಕವನ್ನು ವೈರಸ್ಸಿಗೆ ಎತ್ತಿ ತರುವಂತಿಲ್ಲ, ಒಪ್ಪುತ್ತೇನೆ. ಆದರೆ ಈ ಆರೈಕೆ ಬಂತೆಂದರೆ ಆಯುಸ್ಸು ಮೊಟಕಾಯಿತು ಎಂಬ ನಂಬಿಕೆಗೆ ಆಧಾರವಿಲ್ಲ ಎಂದು ಹೇಳಲು ಇಷ್ಟು ಸಾಕು.

ಇನ್ನು ಮಾರ್ಫಿನ್. ಶ್ವಾಸಕೋಶ ಕೆಟ್ಟಾಗ ‘ಗಾಳಿ ಸಾಲದು’ ಎಂಬ ಸಂಕೇತ ಮಿದುಳಿಗೆ ಎಡೆಬಿಡದೆ ಹೋಗುತ್ತಿರುತ್ತದೆ. ರೋಗಿ ಗಾಬರಿಯಿಂದ ಉಸಿರೆಳೆಯುತ್ತಾರೆ, ಕತ್ತಿನ ಸ್ನಾಯುಗಳು ಸೆಟೆಯುತ್ತವೆ, ಮಾತು ಒಂದೊಂದೇ ಪದವಾಗಿ ತುಂಡಾಗುತ್ತದೆ. ದಣಿದಷ್ಟೂ ಗಾಬರಿ, ಗಾಬರಿಯಾದಷ್ಟೂ ದಣಿವು. ಆಕ್ಸಿಜನ್ ಮಟ್ಟ ಸುಧಾರಿಸಿದ ಮೇಲೂ ಈ ಹಿಂಸೆ ನಿಲ್ಲದೇ ಇರಬಹುದು. ಈ ಹಿಂಸೆಯನ್ನೇ ಮಾರ್ಫಿನ್ ತಗ್ಗಿಸುವುದು. ಈ ಬಗೆಯ ಔಷಧದ ಅಭ್ಯಾಸವಿಲ್ಲದವರಿಗೆ ಬಾಯಿಯ ಮೂಲಕ 2.5ರಿಂದ 5 ಮಿಲಿಗ್ರಾಂನಷ್ಟು ಸಣ್ಣ ಪ್ರಮಾಣದಿಂದ ಶುರು ಮಾಡುತ್ತಾರೆ; ಚುಚ್ಚುಮದ್ದಾದರೆ ಇನ್ನೂ ಕಡಿಮೆ. ಪ್ರಮಾಣ ಹೆಚ್ಚಾದರೆ ಸಾಮಾನ್ಯವಾಗಿ ಮೊದಲು ಮಂಪರು ಬರುತ್ತದೆ, ಉಸಿರಿನ ವೇಗ ಇಳಿಯುವುದು ಆಮೇಲೆ. ನರ್ಸ್ ಪಕ್ಕದಲ್ಲಿ ನಿಂತು ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸುವುದು ಇದಕ್ಕೇ. ಹೀಗೆ ಅಳೆದು, ನೋಡಿಕೊಂಡು ಕೊಟ್ಟ ಮಾರ್ಫಿನ್ ಸಾವನ್ನು ಹತ್ತಿರ ತರುತ್ತದೆ ಎಂಬುದಕ್ಕೆ ಅಧ್ಯಯನಗಳ ಬೆಂಬಲವಿಲ್ಲ.

ಹಾಗಂತ ಕಣ್ಣುಮುಚ್ಚಿ ಕೊಡುವ ಔಷಧವೂ ಅಲ್ಲ. ತೀವ್ರ ಸೋಂಕಿನಲ್ಲಿ ಕಿಡ್ನಿ ಸೋತರೆ ಮಾರ್ಫಿನ್ನಿನ ಅಂಶಗಳು ಮೈಯಲ್ಲೇ ಉಳಿದುಕೊಳ್ಳುತ್ತವೆ; ಆಗ ಪ್ರಮಾಣ ಇಳಿಸಬೇಕು, ಇಲ್ಲವೇ ಬೇರೆ ಔಷಧಕ್ಕೆ ಬದಲಿಸಬೇಕು. ರಿಟೊನವಿರ್ ಇರುವ ಆಂಟಿವೈರಲ್ ನಡೆಯುತ್ತಿದ್ದರೆ, ತಳಮಳ ತಗ್ಗಿಸಲು ಕೊಡುವ ಮಿಡಜೋಲಂ ರಕ್ತದಲ್ಲಿ ಏರಿಬಿಡುತ್ತದೆ. ಸೋಂಕಿನ ವೈದ್ಯರೂ ಉಪಶಮನದ ವೈದ್ಯರೂ ಒಂದೇ ಕೇಸ್ ಶೀಟ್ ಮುಂದಿಟ್ಟುಕೊಂಡು ಕೂರಬೇಕು ಎನ್ನುವುದು ಇಂಥ ಕಾರಣಗಳಿಗೆ.

ವೈರಸ್ಸಿಗೂ ಈ ಆರೈಕೆಗೂ ಏನು ಸಂಬಂಧ ಎನ್ನುವವರಿಗೆ ರೇಬಿಸ್ ಒಂದನ್ನು ನೆನಪಿಸಿದರೆ ಸಾಕು. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅಪರೂಪದಲ್ಲಿ ಅಪರೂಪ. ನೀರಿನ ಲೋಟ ಕಂಡರೂ ಗಂಟಲು ಹಿಡಿದುಕೊಳ್ಳುವ ಆ ರೋಗಿಗೆ ನಡುನಡುವೆ ಪೂರ್ತಿ ಎಚ್ಚರವಿರುತ್ತದೆ, ಎಲ್ಲವೂ ಗೊತ್ತಾಗುತ್ತಿರುತ್ತದೆ. ಮಂದ ಬೆಳಕಿನ, ಸದ್ದಿಲ್ಲದ ಕೋಣೆ, ಸಾಕಷ್ಟು ಶಮನಕಾರಿ ಔಷಧ, ಜೊಲ್ಲು ಕಡಿಮೆ ಮಾಡುವ ಔಷಧ, ಪಕ್ಕದಲ್ಲಿ ಒಬ್ಬರು: ಅಲ್ಲಿ ಚಿಕಿತ್ಸೆಯೆಂದರೆ ಬಹುಪಾಲು ಇದೇ. ಕೈಕಾಲು ಕಟ್ಟಿ ಬಾಗಿಲು ಹಾಕಿಕೊಂಡು ಬರುವುದನ್ನು ನಾನು ಚಿಕಿತ್ಸೆ ಎನ್ನಲಾರೆ.

ಬಾಗಿಲಿನ ಮಾತು ಬಂದಿದ್ದರಿಂದ ಹೇಳುತ್ತೇನೆ. ವೈರಲ್ ವಾರ್ಡಿನಲ್ಲಿ ರೋಗಿಯನ್ನು ಅತಿ ಹೆಚ್ಚು ಕಾಡುವುದು ಒಂಟಿತನ. ಸುತ್ತ ಓಡಾಡುವವರಿಗೆಲ್ಲ ಮಾಸ್ಕು, ಕನ್ನಡಕ, ಗೌನು, ಮುಖವೇ ಇಲ್ಲ. ಸನ್ನಿ ಹಿಡಿದ ಮುದುಕರಿಗೆ ಅವರು ಭೂತಗಳಂತೆ ಕಂಡರೆ ಆಶ್ಚರ್ಯವೇನು? ಎಬೋಲಾ ಕಾಲದ ಲೈಬೀರಿಯಾದಲ್ಲಿ ಅಮೆರಿಕದ ಕಲಾವಿದೆ ಮೇರಿ ಬೆತ್ ಹೆಫರ್ನನ್ ಇದಕ್ಕೊಂದು ದಾರಿ ಕಂಡುಕೊಂಡರು: ಸಿಬ್ಬಂದಿಯ ನಗುಮುಖದ ದೊಡ್ಡ ಫೋಟೊ ತೆಗೆದು, ಸ್ಟಿಕ್ಕರ್ ಮಾಡಿ, ಗೌನಿನ ಎದೆಗೆ ಅಂಟಿಸುವುದು. ಕೋವಿಡ್ ಬಂದಾಗ ಹಲವು ಆಸ್ಪತ್ರೆಗಳು ಅದನ್ನೇ ಮಾಡಿದವು. ಕೋವಿಡ್‌ಗೂ ಮೊದಲೇ ಕಾಂಗೋದಲ್ಲಿ ವೈದ್ಯಕೀಯ ನೆರವು ನೀಡುವ ಅಲಿಮಾ ಸಂಸ್ಥೆಯವರು ಎಬೋಲಾ ರೋಗಿಗಳನ್ನು ಪಾರದರ್ಶಕ ಗೋಡೆಯ ಘಟಕಗಳಲ್ಲಿಟ್ಟರು. ಮನೆಯವರು ಹೊರಗೆ ನಿಂತು ಮುಖ ನೋಡಿ ಮಾತಾಡಬಹುದಿತ್ತು. ಎಬೋಲಾದಲ್ಲೇ ಇಷ್ಟು ಸಾಧ್ಯವಾದರೆ, ಉಳಿದ ಸೋಂಕುಗಳಲ್ಲಿ ಕೊನೆಗಳಿಗೆಯಲ್ಲೂ ಒಬ್ಬರನ್ನು ಒಳಗೆ ಬಿಡುವುದಿಲ್ಲ ಎನ್ನುವ ಆಸ್ಪತ್ರೆಯ ನಿಯಮ ನನಗೆ ಕ್ರೂರವಾಗಿಯೇ ಕಾಣುತ್ತದೆ. (ಅಂದಹಾಗೆ, ಏದುಸಿರಿಗೆ ಮುಖದ ಮೇಲೆ ತಂಗಾಳಿ ಬೀಸುವುದು ಒಳ್ಳೆಯ ಉಪಾಯವಾದರೂ, ಗಾಳಿಯಲ್ಲಿ ಹರಡುವ ಸೋಂಕಿದ್ದರೆ ಫ್ಯಾನ್ ಬೇಡ. ತಲೆಯ ಭಾಗ ಎತ್ತರಿಸಿ, ಒದ್ದೆ ಬಟ್ಟೆಯಿಂದ ಮುಖ ಒರೆಸಬಹುದು.)

ಇದೇ ಸ್ಥಿತಿಯಲ್ಲಿರುವ ಬೇರೆ ಓದುಗರಿಗೆ ಒಂದು ಮಾತು. ವೆಂಟಿಲೇಟರ್ ಬೇಕೋ ಬೇಡವೋ ಎಂದು ಕೇಳಿದಾಗ ಉತ್ತರ ಹೌದು-ಅಲ್ಲ ಎಂದೇ ಇರಬೇಕಿಲ್ಲ. ಇಷ್ಟು ದಿನ ಪ್ರಯತ್ನಿಸೋಣ, ಇಂಥ ಸುಧಾರಣೆ ಕಂಡರೆ ಮುಂದುವರಿಸೋಣ, ಕಾಣದಿದ್ದರೆ ಮತ್ತೆ ಕೂತು ಮಾತಾಡೋಣ ಎಂದು ಮೊದಲೇ ಗೊತ್ತುಮಾಡಿಕೊಳ್ಳಬಹುದು. ಸಾಧ್ಯವಾದರೆ ರೋಗಿಯನ್ನೇ ಕೇಳಿ, ಗಂಟಲಿಗೆ ಕೊಳವೆ ಹಾಕುವ ಮೊದಲು.

ನಿಮ್ಮ ತಂದೆಯವರ ವಿಷಯದಲ್ಲಿ ಏನಾಯಿತೆಂದು ಇಲ್ಲಿ ಕೂತು ನಾನು ತೀರ್ಪು ಕೊಡುವಂತಿಲ್ಲ. ಆಸ್ಪತ್ರೆಯಿಂದ ಕೇಸ್ ಶೀಟಿನ ಪ್ರತಿ ಕೇಳಿ ಪಡೆಯಿರಿ. ಮಾರ್ಫಿನ್ ಎಷ್ಟು, ಯಾವ ಹೊತ್ತಿಗೆ, ಆಗ ಉಸಿರಿನ ಎಣಿಕೆ ಎಷ್ಟು, ಕಿಡ್ನಿ ಹೇಗಿತ್ತು ಎಂಬುದೆಲ್ಲ ಅದರಲ್ಲಿರಬೇಕು. ಓದಿ ಹೇಳಲು ಆ ವೈದ್ಯರಲ್ಲೇ ಸಮಯ ಕೇಳಿ. ಅವರ ಮೇಲೆ ವಿಶ್ವಾಸವಿಲ್ಲದಿದ್ದರೆ ಬೇರೆ ವೈದ್ಯರಿಗೆ ತೋರಿಸಿ. ಒಪ್ಪಿಗೆಗೆ ಸಹಿ ಹಾಕಿದ ತಂಗಿಯ ಜೊತೆ ಅಂದಿನಿಂದ ಮಾತು ಬಿಟ್ಟಿದ್ದೀರೆಂದು ಪತ್ರದ ಕೊನೆಗೆ ಬರೆದಿದ್ದೀರಿ. ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ.