ಸ್ಟೆಮ್ ಸೆಲ್ ಕಸಿಯ ನಂತರ ಮನೆಯಲ್ಲಿ ಸೋಂಕಿನ ಭಯ

ಪ್ರಶ್ನೆ: ನನ್ನ ತಮ್ಮನಿಗೆ ರಕ್ತದ ಕ್ಯಾನ್ಸರ್‌ಗಾಗಿ ಬೆಂಗಳೂರಿನಲ್ಲಿ ಅಕ್ಕನ ಸ್ಟೆಮ್ ಸೆಲ್ (ರಕ್ತಕಣಗಳನ್ನು ಹುಟ್ಟಿಸುವ ಮೂಲಕೋಶ) ಕಸಿ ಮಾಡಿ ಆರು ವಾರಗಳಾದವು. ಬಿಳಿರಕ್ತಕಣಗಳ ಸಂಖ್ಯೆ ಸಹಜವಾಗಿದೆ ಎಂದು ಮನೆಗೆ ಕಳುಹಿಸಿದ್ದಾರೆ. ಆದರೂ ಇಷ್ಟೊಂದು ಮಾತ್ರೆಗಳೇಕೆ? ಮನೆಯ ಸುತ್ತ ಅಡಿಕೆ ತೋಟ, ಹಟ್ಟಿ, ಬಾವಿ ಇವೆ, ಮಳೆಗಾಲ ಬೇರೆ.
– ಓದುಗರು, ಉಡುಪಿ

ಉತ್ತರ: ಬಿಳಿರಕ್ತಕಣಗಳ ಸಂಖ್ಯೆ ಏರಿದ ಮಾತ್ರಕ್ಕೆ ರೋಗನಿರೋಧಕ ಶಕ್ತಿ ಮರಳಿತೆಂದು ದಯವಿಟ್ಟು ತಿಳಿಯಬೇಡಿ. ಕಸಿಯಾದ ಮೊದಲ ಎರಡು ಮೂರು ವಾರಗಳಲ್ಲಿ ಬ್ಯಾಕ್ಟೀರಿಯಾಗಳನ್ನು ಎದುರಿಸುವ ಬಿಳಿರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ಮೈಕ್ರೋಲೀಟರಿಗೆ 500ಕ್ಕಿಂತ ಕೆಳಗಿಳಿದಿರುವಾಗ, ಕೀಮೋಥೆರಪಿಯಿಂದ ಹುಣ್ಣಾದ ಬಾಯಿ ಮತ್ತು ಕರುಳಿನ ಒಳಪದರವನ್ನು ದಾಟಿ ರೋಗಿಯ ಮೈಯಲ್ಲೇ ಇರುವ ಬ್ಯಾಕ್ಟೀರಿಯಾಗಳು ರಕ್ತಕ್ಕೆ ಸೇರುತ್ತವೆ. ಆ ಹಂತವನ್ನು ನಿಮ್ಮ ತಮ್ಮ ದಾಟಿದ್ದಾರೆ. ಈಗಿರುವುದು ಟಿ ಲಿಂಫೋಸೈಟುಗಳ, ಅಂದರೆ ಮುಖ್ಯವಾಗಿ ವೈರಸ್‌ಗಳನ್ನು ಎದುರಿಸುವ ಇನ್ನೊಂದು ಬಗೆಯ ಬಿಳಿರಕ್ತಕಣಗಳ ಕೊರತೆ. ಅವು ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕು, ಕೆಲವರಲ್ಲಿ ವರ್ಷವೂ ದಾಟುತ್ತದೆ. ಜೊತೆಗೆ, ದಾನಿಯ ಕೋಶಗಳು ರೋಗಿಯ ಅಂಗಗಳ ಮೇಲೆ ದಾಳಿ ಮಾಡದಂತೆ ಕೊಡುವ ಸೈಕ್ಲೋಸ್ಪೋರಿನ್‌ನಂತಹ ಔಷಧಗಳು ಈ ಟಿ ಲಿಂಫೋಸೈಟುಗಳನ್ನು ಇನ್ನಷ್ಟು ಅದುಮಿಡುತ್ತವೆ. ನಮ್ಮಲ್ಲಿ ಹೆಚ್ಚಿನವರ ಮೈಯಲ್ಲಿ ಸುಪ್ತವಾಗಿರುವ ಸೈಟೋಮೆಗಲೋ ವೈರಸ್ ತಲೆಯೆತ್ತುವುದು ಈ ಅವಧಿಯಲ್ಲಿಯೇ. ಆದ್ದರಿಂದಲೇ ರೋಗಿ ಗೆಲುವಾಗಿದ್ದರೂ ರಕ್ತದಲ್ಲಿ ಈ ವೈರಸ್ ಇದೆಯೇ ಎಂದು ತಿಳಿಸುವ ಪಿಸಿಆರ್ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸುತ್ತಾರೆ. ಮಾತ್ರೆಗಳಲ್ಲಿ ಸಾಮಾನ್ಯವಾಗಿ ಅಸೈಕ್ಲೋವಿರ್ ಸರ್ಪಸುತ್ತನ್ನೂ, ಕೋಟ್ರೈಮಾಕ್ಸಜೋಲ್ ನ್ಯುಮೋಸಿಸ್ಟಿಸ್ ಎಂಬ ಶ್ವಾಸಕೋಶದ ಸೋಂಕನ್ನೂ ತಡೆಯಲು ಇರುತ್ತವೆ. ವೈದ್ಯರು ಹೇಳದೆ ಒಂದನ್ನೂ ನಿಲ್ಲಿಸಬಾರದು.

ತೋಟ ಮತ್ತು ಹಟ್ಟಿಯ ಬಗ್ಗೆ ನೀವು ಕೇಳಿದ್ದು ಒಳ್ಳೆಯದಾಯಿತು. ಒದ್ದೆ ಅಡಿಕೆ ಸಿಪ್ಪೆ, ಬೈಹುಲ್ಲು, ಗೊಬ್ಬರ, ಗೋಡೆಯ ಬೂಷ್ಟು ಇವೆಲ್ಲ ಆಸ್ಪರ್ಜಿಲಸ್ ಶಿಲೀಂಧ್ರದ ನೆಲೆಗಳು. ಅದರ ಬೀಜಕಣಗಳು ಉಸಿರಿನೊಡನೆ ಶ್ವಾಸಕೋಶಕ್ಕಿಳಿಯುತ್ತವೆ. ಬೂಷ್ಟು ಒರೆಸುವಾಗ ರೋಗಿ ಆ ಕೋಣೆಯಲ್ಲಿ ಇರಕೂಡದು. ಮಳೆಗಾಲದಲ್ಲಿ ಕರಾವಳಿಯ ಮಣ್ಣು ಮತ್ತು ಕೆಸರುನೀರಿನಿಂದ ಮೆಲಿಯೊಯ್ಡೋಸಿಸ್ ಎಂಬ ಗಂಭೀರ ಸೋಂಕೂ ತಗಲುತ್ತದೆ, ಆದುದರಿಂದ ಅವರು ಸದ್ಯಕ್ಕೆ ತೋಟಕ್ಕೂ ಹಟ್ಟಿಗೂ ಹೋಗುವುದು ಬೇಡ. ಬಾವಿನೀರನ್ನು ಕುದಿಸಿಯೇ ಕೊಡಿ. ಬಿಸಿ ಕುಚ್ಚಲಕ್ಕಿ ಗಂಜಿ ಧಾರಾಳವಾಗಿ ಆಗಬಹುದು, ನಿನ್ನೆಯ ಸಾರು ಮತ್ತು ಹಸಿ ಕೋಸಂಬರಿ ಬೇಡ.

ಎಲ್ಲಕ್ಕಿಂತ ಮುಖ್ಯವಾದುದು ಜ್ವರ. ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ, ಅದು ನಡುರಾತ್ರಿಯಾದರೂ, ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನ ತನಕ ಕಾಯಬೇಡಿ. ಮಾತ್ರೆ ಜ್ವರವನ್ನು ಮರೆಮಾಡುತ್ತದೆ, ಸೋಂಕು ಮುಂದುವರಿಯುತ್ತದೆ. ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಜ್ವರವೇ ಕಾಣದಿರಬಹುದು. ಆಗ ಚಳಿ ನಡುಕ, ಉಬ್ಬಸ, ವಿಪರೀತ ನಿಶ್ಶಕ್ತಿಯನ್ನೂ ಅಷ್ಟೇ ಗಂಭೀರವಾಗಿ ಪರಿಗಣಿಸಬೇಕು. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ರಕ್ತದ ಕಲ್ಚರ್‌ಗೆ (ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಮಾದರಿ ತೆಗೆದು ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್ ಆರಂಭಿಸುವುದು ವೈದ್ಯರ ಗುರಿಯಾಗಿರುತ್ತದೆ. ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗುವಷ್ಟು ಸಮಯವಿರುವುದಿಲ್ಲ. ಮಣಿಪಾಲ ಅಥವಾ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಮೊದಲು ಹೋಗಿ, ದಾರಿಯಿಂದಲೇ ಕಸಿ ಮಾಡಿದ ವೈದ್ಯರಿಗೆ ಫೋನ್ ಮಾಡಿ. ಡಿಸ್ಚಾರ್ಜ್ ಸಮ್ಮರಿ ಮತ್ತು ಔಷಧಗಳ ಪಟ್ಟಿ ಕೈಯಲ್ಲಿರಲಿ.