ಹಾಲು ಅಪ್ಪನೇ ತರಲಿ

ವಯಸ್ಸಾದವರನ್ನು ಏನೂ ಮಾಡಗೊಡದೆ ಕೂರಿಸಿ ನೋಡಿಕೊಳ್ಳುವ ಮನೆಗಳಿಂದ ಜನ ಮತ್ತೆ ಮತ್ತೆ ನನ್ನ ಬಳಿ ಸಲಹೆಗೆ ಬರುತ್ತಿರುವುದರಿಂದ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಹೀಗೆ ಬಂದ ಹಿರಿಯರೊಬ್ಬರಿಗೆ 76 ವರ್ಷ. ಮಲೆನಾಡಿನ ಹಳ್ಳಿಗಳಲ್ಲಿ ಅಂಚೆ ಹಂಚಿ ನಿವೃತ್ತರಾದವರು. ಪತ್ನಿ ತೀರಿಕೊಂಡ ಮೇಲೆ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಮಾತು ಕಡಿಮೆಯಾಗಿತ್ತು, ಊಟ ಸೇರುತ್ತಿರಲಿಲ್ಲ. ಮೊದಲು ವೈದ್ಯರಲ್ಲಿಗೆ ಕಳಿಸಿ ಥೈರಾಯ್ಡ್, ಬಿ12, ಕಣ್ಣು, ಕಿವಿ ಎಲ್ಲ ನೋಡಿಸಿದೆ. ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟಿ ಕಾಯಿಲೆಯನ್ನು ಕಡೆಗಣಿಸುವುದು ನನಗೆ ಒಪ್ಪಿಗೆಯಿಲ್ಲ. ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ.

ಎರಡನೆಯ ಭೇಟಿಯಲ್ಲಿ, ನಿನ್ನೆಯ ದಿನ ಹೇಗೆ ಕಳೆಯಿತು ಹೇಳಿ ಎಂದೆ.

‘ಕಾಫಿ ಕೊಟ್ಟರು. ಬಿಸಿಲಿಗೆ ಕೂರಿಸಿದರು. ಮಾತ್ರೆ ಕೊಟ್ಟರು. ಟಿವಿ ಹಾಕಿದರು. ಮಲಗಿ ಎಂದರು.’

ಬೆಳಗಿನಿಂದ ರಾತ್ರಿಯವರೆಗೆ ಅವರು ತಾವಾಗಿ ಮಾಡಿದ್ದು ಒಂದೂ ಇಲ್ಲ. ‘ಅಪ್ಪನಿಗೆ ಯಾವುದಕ್ಕೂ ಕೊರತೆ ಮಾಡಿಲ್ಲ ಮೇಡಂ’ ಎಂದರು ಮಗ. ಅದೂ ನಿಜವೇ. ಹಿರಿಯರು ಚೀಲದ ಪಟ್ಟಿ ಕೂರುತ್ತಿದ್ದ ಬಲಭುಜವನ್ನು ಹೆಬ್ಬೆರಳಿನಿಂದ ಉಜ್ಜಿಕೊಳ್ಳುತ್ತ ಮೆಲ್ಲಗೆ ಹೇಳಿದರು: ‘ಮೂವತ್ತು ವರ್ಷ ಮೂರು ಊರಿನವರು ನನ್ನ ದಾರಿ ಕಾಯುತ್ತಿದ್ದರು. ಈಗ ನಾನು ಊಟದ ದಾರಿ ಕಾಯುತ್ತೇನೆ.’

ಮನೆ ಬಾಗಿಲಿಗೆ ಬರುವ ಹಾಲನ್ನು ನಿಲ್ಲಿಸಿ, ಬೂತಿನಿಂದ ಅಪ್ಪನೇ ತರಲಿ ಎಂದೆ. ಅವರು ಒಪ್ಪಿದರೆ ಮಾತ್ರ. ಆದರೆ ಒಪ್ಪಿದ ಮೇಲೆ, ಅವರು ತಾರದ ದಿನ ಮನೆಯಲ್ಲಿ ಯಾರಿಗೂ ಕಾಫಿ ಇರಬಾರದು. ಹೊತ್ತು ಹೋಗಲೆಂದು ಕೊಡುವ ಕೆಲಸ ಯಾವುದು, ನಿಜವಾಗಿ ಬೇಕಾದ ಕೆಲಸ ಯಾವುದು ಎಂಬುದು ಹಿರಿಯರಿಗೆ ತಕ್ಷಣ ತಿಳಿಯುತ್ತದೆ.

‘ಬಿದ್ದರೆ?’ ಎಂದು ಸೊಸೆ ಕೇಳಿದರು. ಭಯ ಸಹಜ. ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿ, ಜಾರದ ಚಪ್ಪಲಿ ಕೊಡಿಸಿ, ಬೇಕಿದ್ದರೆ ಊರುಗೋಲು ಕೊಡಿ. ಕೂರಿಸಿಯೇ ಇಟ್ಟರೆ ಕಾಲಿನ ಸ್ನಾಯುಗಳು ಸೊರಗಿ ಬೀಳುವ ಸಂಭವವೇ ಹೆಚ್ಚುತ್ತದೆ.

ವಯಸ್ಸಾದವರಿಂದ ಚಾಕರಿ ಮಾಡಿಸುತ್ತೀರಾ ಎಂದು ನನ್ನನ್ನು ಕೇಳಿದವರಿದ್ದಾರೆ. 1976ರಲ್ಲಿ ಮನೋವಿಜ್ಞಾನಿಗಳಾದ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಪ್ರಕಟಿಸಿದ ಅಧ್ಯಯನವನ್ನು ಅವರಿಗೆ ಹೇಳುತ್ತೇನೆ. ಅಮೆರಿಕದ ಕನೆಕ್ಟಿಕಟ್‌ನ ವೃದ್ಧಾಶ್ರಮವೊಂದರಲ್ಲಿ ಒಂದು ಮಹಡಿಯವರಿಗೆ, ನಿಮ್ಮ ದಿನದ ತೀರ್ಮಾನ ನಿಮ್ಮದೇ ಎಂದು ಹೇಳಿ, ಗಿಡ ಸಾಕುವ ಹೊಣೆ ಕೊಟ್ಟರು. ಇನ್ನೊಂದು ಮಹಡಿಯವರ ಗಿಡಗಳಿಗೆ ದಾದಿಯರೇ ನೀರು ಹಾಕಿದರು. ಮೂರೇ ವಾರಗಳಲ್ಲಿ ಹೊಣೆ ಹೊತ್ತವರಲ್ಲಿ ಹೆಚ್ಚು ಲವಲವಿಕೆ ಕಂಡಿತು. ಆರೈಕೆ ಎಂದು ನಾವು ಕರೆಯುವುದು ಎಷ್ಟೋ ಸಲ ಆ ಎರಡನೆಯ ಮಹಡಿಯ ಆರೈಕೆ.

ತಿಂಗಳ ನಂತರ ಮಗ ಫೋನ್ ಮಾಡಿದರು. ‘ಅಪ್ಪ ಬೂತಿನ ಹತ್ತಿರ ಯಾರೊಂದಿಗೋ ಮಾತಿಗೆ ನಿಂತುಬಿಡುತ್ತಾರೆ. ಕಾಫಿ ಏಳೂವರೆಯಾಗುತ್ತದೆ. ಹಾಲು ಮತ್ತೆ ಮನೆಗೇ ತರಿಸಲೇ?’

ಬೇಡ, ದಾರಿ ಕಾಯಿರಿ ಎಂದೆ.